‘ನಾನ್ ಹೋದ್ಮೇಲೆ ಇವನ್ನ ಯಾರು ನೋಡ್ಕೋತಾರೆ?’: ಅಣ್ಣನಿಗೊಂದು ಮನೆ ಹುಡುಕ್ತಾ ಕಲಿತದ್ದು

(ಪಾಡ್‌ಕಾಸ್ಟ್‌ನ ಈ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಅಡುಗೆ ಮಾಡ್ತಾ ಕೇಳ್ತಿದ್ದೀರೋ, ಇಲ್ಲಾ ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡು ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಒಂದು ಇಪ್ಪತ್ತು ನಿಮಿಷ ನನ್ ಜೊತೆ ಇರಿ. ಈ ವಾರ ಮನೆ ವಿಷಯ ಮಾತಾಡೋಣ. ನನ್ನ ಅಣ್ಣನ ಮನೆ ವಿಷಯ.

ನಾವಿರೋದು ಗಂಗಾನಗರದಲ್ಲಿ. ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ಸರ್ಕಲ್ ದಾಟಿ ಹೆಬ್ಬಾಳದ ಕಡೆ ಬಂದ್ರೆ ಸಿಬಿಐ ಬಸ್ ಸ್ಟಾಪ್ ಅಂತ ಸಿಗುತ್ತಲ್ಲ, ಅದರ ಒಳಗಡೆ. ನನ್ನ ಅಣ್ಣನಿಗೆ ಈಗ 36 ವರ್ಷ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ದಿನಾ ಸಂಜೆ ಐದೂವರೆಗೆ ಮೂಲೆ ಬೇಕರಿಗೆ ಹೋಗ್ತಾನೆ. ಒಂದು ಖಾರಾ ಬನ್, ಒಂದು ಟೀ. ಲೆಕ್ಕ ಬರಲ್ಲ. ಆದ್ರೆ ಬೇಕರಿಯವರು ಅವನ ಕೈಯಿಂದ ನೋಟು ತಗೊಂಡು, ಚಿಲ್ಲರೆನ ಒಂದೊಂದಾಗಿ ಅವನ ಅಂಗೈ ಮೇಲೆ ಇಡ್ತಾರೆ. ಅವನು ಒಂದಿನ ಬರ್ಲಿಲ್ಲ ಅಂದ್ರೆ ಸಾಕು, ‘ಯಾಕಮ್ಮಾ, ಅಣ್ಣಂಗೆ ಹುಷಾರಿಲ್ವಾ?’ ಅಂತ ನನ್ನನ್ನ ನಿಲ್ಲಿಸಿ ಕೇಳ್ತಾರೆ.

ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಅಮ್ಮನಿಗೆ 68. ಹೋದ ವರ್ಷ ಅಮ್ಮ ಬಾತ್‌ರೂಮಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯ್ತು. ಆಸ್ಪತ್ರೆಯಲ್ಲಿ ರಾತ್ರಿ ನಾನೇ ಪಕ್ಕದಲ್ಲಿದ್ದೆ. ನಿದ್ದೆ ಬಂದಿದೆ ಅನ್ಕೊಂಡಿದ್ದೆ. ಕತ್ತಲಲ್ಲಿ ಇದ್ದಕ್ಕಿದ್ದಂಗೆ ಅಮ್ಮ ಕೇಳಿದ್ರು: ‘ನಾನ್ ಹೋದ್ಮೇಲೆ ಇವನ್ನ ಯಾರೇ ನೋಡ್ಕೋತಾರೆ? ನೀನ್ ನೋಡ್ಕೋತೀಯ ಅಲ್ವಾ?’

ನಾನು ತಕ್ಷಣ ‘ಹೂಂ ಅಮ್ಮ’ ಅಂದೆ. ಆ ಹೊತ್ತಲ್ಲಿ ಬೇರೆ ಏನ್ ಹೇಳೋಕಾಗುತ್ತೆ? ಆದ್ರೆ ಆಮೇಲೆ ಬೆಳಗಿನ ತನಕ ನಿದ್ದೆ ಬರ್ಲಿಲ್ಲ. ನಂಗೆ 29. ನಾಳೆ ಮದುವೆ ಆಗ್ಬಹುದು, ಆಗದೇ ಇರಬಹುದು, ಕೆಲಸ ಬೇರೆ ಊರಿಗೆ ಹೋಗಬಹುದು. ಅದೆಲ್ಲ ಬಿಡಿ, ನನಗಿಂತ ಅವನೇ ಜಾಸ್ತಿ ವರ್ಷ ಬದುಕಿದ್ರೆ?

ಈ ಪ್ರಶ್ನೆ ಯಾಕೆ ಈಗ ಬಂತು

ಮೊದಲು ಒಂದು ವಿಷಯ ತಿಳ್ಕೊಳ್ಳೋಣ. ನಮ್ಮಜ್ಜಿ ಕಾಲದಲ್ಲಿ ಈ ಪ್ರಶ್ನೆ ಇಷ್ಟು ಮನೆಗಳಲ್ಲಿ ಇರ್ಲಿಲ್ಲ. ಅಮೆರಿಕದ ಲೆಕ್ಕ ನೋಡಿ. 1983ರಲ್ಲಿ ಅಲ್ಲಿ ಡೌನ್ ಸಿಂಡ್ರೋಮ್ ಇರೋರ ಸರಾಸರಿ ಆಯಸ್ಸು ಸುಮಾರು 25 ವರ್ಷ ಇತ್ತು. ಈಗ ಅದು ಸುಮಾರು 60. ಹೃದಯದ ಆಪರೇಷನ್‌ಗಳು, ಆಂಟಿಬಯೋಟಿಕ್‌ಗಳು, ಮಕ್ಕಳನ್ನ ಸಂಸ್ಥೆಗಳಿಗೆ ತಳ್ಳದೆ ಮನೇಲೇ ಬೆಳೆಸಿದ್ದು, ಎಲ್ಲ ಸೇರಿ ಆದ ಬದಲಾವಣೆ ಇದು. ಅಂದ್ರೆ ಇವತ್ತು ಅಂಗವೈಕಲ್ಯ ಇರೋ ಮಕ್ಕಳು ಅಪ್ಪ ಅಮ್ಮನಿಗಿಂತ ಹೆಚ್ಚು ಕಾಲ ಬದುಕ್ತಾರೆ. ಇದು ಸಂತೋಷದ ಸುದ್ದಿ. ಆದ್ರೆ ಆ ಬದುಕು ಎಲ್ಲಿ, ಯಾರ ಜೊತೆ ಅಂತ ಯೋಚನೆ ಮಾಡೋ ವ್ಯವಸ್ಥೆ ಮಾತ್ರ ನಮ್ಮಲ್ಲಿ ಬೆಳೀಲಿಲ್ಲ.

ಸಂಖ್ಯೆ ಎಷ್ಟು ಅಂತೀರಾ? 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ, ಕರ್ನಾಟಕದಲ್ಲಿ 13.24 ಲಕ್ಷ. ಆ ಜನಗಣತಿ ಎಣಿಸಿದ್ದು 8 ಬಗೆಯ ಅಂಗವೈಕಲ್ಯವನ್ನ ಮಾತ್ರ. 2016ರ ಕಾನೂನು 21 ಬಗೆಯನ್ನ ಗುರುತಿಸುತ್ತೆ. ಇವರೆಲ್ಲರಿಗೂ ನೆರವಿನ ಮನೆ ಬೇಕು ಅಂತಲ್ಲ. ಎಷ್ಟೋ ಜನ ತಾವೇ ದುಡಿದು, ತಾವೇ ಸಂಸಾರ ನಡೆಸ್ತಾರೆ. ನಾನ್ ಮಾತಾಡ್ತಿರೋದು ದಿನದ ಬದುಕಿಗೆ ಇನ್ನೊಬ್ಬರ ಜೊತೆ ಬೇಕಾಗೋರ ಬಗ್ಗೆ.

‘ಹೋಮ್’ ನೋಡೋಕೆ ಹೋದ ದಿನ

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಸಾಮಾನ್ಯವಾಗಿ ಇರೋ ದಾರಿ ಎರಡೇ. ಒಂದು, ಒಡಹುಟ್ಟಿದವರು ನೋಡ್ಕೋಬೇಕು. ಎರಡು, ‘ಹೋಮ್‌ಗೆ ಹಾಕೋದು’. ಆ ಮಾತನ್ನ ಗಮನಿಸಿ. ನಾವು ಮನೆಗೆ ಹೋಗ್ತೀವಿ, ಮನೇಲಿ ಇರ್ತೀವಿ. ಹೋಮ್‌ಗೆ ಮಾತ್ರ ‘ಹಾಕ್ತಾರೆ’. ಬ್ಯಾಗಿಗೆ ಬಟ್ಟೆ ಹಾಕ್ದಂಗೆ.

ಅಮ್ಮ ಡಿಸ್ಚಾರ್ಜ್ ಆದ ಎರಡು ತಿಂಗಳಿಗೆ ನಾವು ಮೂರೂ ಜನ ಊರ ಹೊರಗಿನ ಒಂದು ಹೋಮ್ ನೋಡೋಕೆ ಹೋದ್ವಿ. ಹೆಸರು ಬೇಡ. ಕೆಟ್ಟ ಜಾಗ ಅಂತಲೂ ಹೇಳಲ್ಲ. ನೆಲ ಒರೆಸಿತ್ತು, ಸಿಬ್ಬಂದಿ ನಗ್ತಾ ಮಾತಾಡಿಸಿದ್ರು. ಉದ್ದನೆ ಹಾಲ್, ಎರಡೂ ಕಡೆ ಮಂಚ, ಒಟ್ಟು ಇಪ್ಪತ್ತೆರಡು. ಏಳು ಗಂಟೆಗೆ ಊಟ, ಎಂಟೂವರೆಗೆ ಲೈಟ್ ಆಫ್. ಭಾನುವಾರ ಭೇಟಿ. ಗೇಟಿಗೆ ಬೀಗ. ‘ಸೇಫ್ಟಿಗೋಸ್ಕರ ಮೇಡಂ’ ಅಂದ್ರು.

ಅಮ್ಮ ಫೀಸಿನ ಬಗ್ಗೆ ಕೇಳ್ತಿದ್ರು. ಅಣ್ಣ ಅಲ್ಲಿ ಇಲ್ಲಿ ನೋಡ್ತಾ ನಿಂತಿದ್ದ. ಆಮೇಲೆ ನನ್ ಚೂಡಿದಾರದ ತೋಳು ಜಗ್ಗಿ ಕೇಳಿದ, ‘ಪುಟ್ಟಿ, ಇಲ್ಲಿ ಬೇಕರಿ ಎಲ್ಲಿ?’

ಹತ್ತಿರದಲ್ಲಿ ಬೇಕರಿ ಇರ್ಲಿಲ್ಲ. ಇದ್ದಿದ್ರೂ ಅವನು ಹೋಗೋ ಹಾಗಿರ್ಲಿಲ್ಲ. ವಾಪಸ್ ಬರ್ತಾ ಕಾರಲ್ಲಿ ಯಾರೂ ಮಾತಾಡ್ಲಿಲ್ಲ. ನಾವು ಅವನಿಗೆ ಮಂಚ, ಊಟ, ಔಷಧಿ ಎಲ್ಲ ಹುಡುಕ್ತಿದ್ವಿ. ಅವನು ಹುಡುಕ್ತಿದ್ದದ್ದು ಸಂಜೆ ಐದೂವರೆಯನ್ನ.

ಹಾಗಾದ್ರೆ ಮೂರನೇ ದಾರಿ ಯಾವುದು?

ಅದಕ್ಕೆ ಇಂಗ್ಲಿಷಲ್ಲಿ ಸಪೋರ್ಟೆಡ್ ಲಿವಿಂಗ್ ಅಂತಾರೆ. ಕನ್ನಡದಲ್ಲಿ ನಾವು ‘ನೆರವಿನ ಮನೆ’ ಅನ್ನೋಣ. ವಿಷಯ ತುಂಬಾ ಸರಳ. ಎಲ್ಲರೂ ಇರೋ ಬೀದಿಯಲ್ಲೇ ಒಂದು ಸಾಧಾರಣ ಬಾಡಿಗೆ ಮನೆ. ಅದರಲ್ಲಿ ಮೂರೋ ನಾಲ್ಕೋ ಜನ. ಜೊತೆಗೆ ನೆರವಿಗೆ ಕೆಲಸದವರು. ಕೆಲವರಿಗೆ ದಿನಕ್ಕೆ ಎರಡು ಗಂಟೆ ನೆರವು ಸಾಕು: ಬ್ಯಾಂಕ್ ಕೆಲಸ, ಡಾಕ್ಟರ್ ಅಪಾಯಿಂಟ್‌ಮೆಂಟ್, ತಿಂಗಳ ಸಾಮಾನು. ಇನ್ನು ಕೆಲವರಿಗೆ ಹಗಲು ರಾತ್ರಿ ಪಕ್ಕದಲ್ಲಿ ಒಬ್ಬರು ಬೇಕು. ಯಾರಿಗೆ ಎಷ್ಟು ಬೇಕೋ ಅಷ್ಟು.

ಸಣ್ಣ ಹಾಸ್ಟೆಲ್‌ಗೂ ಇದಕ್ಕೂ ಏನ್ ವ್ಯತ್ಯಾಸ ಅಂತ ನೀವು ಕೇಳಬಹುದು. ವ್ಯತ್ಯಾಸ ಇರೋದು ಮಂಚದ ಲೆಕ್ಕದಲ್ಲಲ್ಲ. ಯಾರ ಜೊತೆ ಇರಬೇಕು ಅಂತ ಆರಿಸೋದು ಯಾರು? ಇವತ್ತು ಚಪಾತಿನಾ, ಮುದ್ದೆನಾ ಅಂತ ಹೇಳೋರು ಯಾರು? ಮನೆ ಕೀ ಯಾರ ಜೇಬಲ್ಲಿದೆ? ನೆರವಿಗೆ ಬರೋರು ಸರಿ ಇಲ್ಲ ಅಂದ್ರೆ, ಮನೆ ಬಿಡಬೇಕಾದವನು ಇವನಾ, ಕೆಲಸ ಬಿಡಬೇಕಾದವರು ಅವರಾ? ಈ ನಾಲ್ಕು ಪ್ರಶ್ನೆ ಕೇಳಿ. ನಾಲ್ಕು ಜನ ಇದ್ರೂ ಉತ್ತರ ಎಲ್ಲ ಮ್ಯಾನೇಜ್‌ಮೆಂಟ್ ಕೈಯಲ್ಲಿದ್ರೆ ಅದು ಹಾಸ್ಟೆಲ್ಲೇ.

ಬೆಂಗಳೂರಿಗೆ ಇದು ಹೊಸದಲ್ಲ

ನಾನು ಇದೆಲ್ಲ ಫಾರಿನ್ ಐಡಿಯಾ ಅನ್ಕೊಂಡಿದ್ದೆ. ಹುಡುಕ್ತಾ ಹೋದ್ರೆ ನಮ್ಮೂರಲ್ಲೇ ಐವತ್ತು ವರ್ಷಕ್ಕಿಂತ ಹಳೇ ಕಥೆ ಸಿಕ್ತು. ಬನ್ನೇರುಘಟ್ಟ ರಸ್ತೆಯಲ್ಲಿ ಆಶಾ ನಿಕೇತನ ಅಂತ ಇದೆ. ಶುರುವಾಗಿದ್ದು 1970ರಲ್ಲಿ. ಅದು ‘ಲಾರ್ಶ್’ ಅನ್ನೋ ಅಂತರರಾಷ್ಟ್ರೀಯ ಸಂಘಟನೆಯ ಭಾಗ. ಲಾರ್ಶ್ ಹುಟ್ಟಿದ್ದು 1964ರಲ್ಲಿ, ಫ್ರಾನ್ಸಿನ ತ್ರೋಲಿ-ಬ್ರಯ್ ಅನ್ನೋ ಹಳ್ಳಿಯಲ್ಲಿ. ಜಾನ್ ವಾನಿಯೇ ಅನ್ನೋರು, ಸಂಸ್ಥೆಯೊಂದರಲ್ಲಿ ಇದ್ದ ಬೌದ್ಧಿಕ ಅಂಗವೈಕಲ್ಯದ ಇಬ್ಬರನ್ನ ಕರ್ಕೊಂಡು ಬಂದು ಒಂದೇ ಮನೇಲಿ ಬದುಕೋಕೆ ಶುರು ಮಾಡಿದ್ರು. ಒಬ್ಬರು ನೋಡ್ಕೊಳ್ಳೋರು, ಇನ್ನೊಬ್ಬರು ನೋಡಿಸ್ಕೊಳ್ಳೋರು ಅನ್ನೋ ಭೇದ ಬೇಡ, ಎಲ್ಲರೂ ಒಟ್ಟಿಗೆ ಅಡುಗೆ ಮಾಡೋಣ, ಒಟ್ಟಿಗೆ ಉಣ್ಣೋಣ ಅನ್ನೋದು ಅಲ್ಲಿನ ರೀತಿ. ಬೆಂಗಳೂರಿನ ಮನೇಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಅಂತ ನೋಡದೆ ಎಲ್ಲರೂ ಒಂದೇ ಸೂರಿನಡಿ ಬದುಕಿದ್ರು. ಅದೇ ರಸ್ತೆಯ ಕಡೆ ಕ್ಯಾಂಪ್‌ಹಿಲ್ ಚಿಂತನೆಯ ಇನ್ನೊಂದು ಸಮುದಾಯವೂ ಇದೆ, ಫ್ರೆಂಡ್ಸ್ ಆಫ್ ಕ್ಯಾಂಪ್‌ಹಿಲ್ ಇಂಡಿಯಾ ಅಂತ.

ಇಲ್ಲಿ ಒಂದು ಕಹಿ ವಿಷಯವನ್ನೂ ಹೇಳಲೇಬೇಕು. ಜಗತ್ತೆಲ್ಲ ಸಂತ ಅಂತ ಹೊಗಳ್ತಿದ್ದ ಅದೇ ವಾನಿಯೇ ಆರು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ರು ಅಂತ 2020ರಲ್ಲಿ ಲಾರ್ಶ್ ಸಂಸ್ಥೆಯೇ ಬಹಿರಂಗಪಡಿಸ್ತು. 2023ರ ವರದಿ ಆ ಸಂಖ್ಯೆ ಕನಿಷ್ಠ 25 ಅಂತ ಹೇಳ್ತು. ಆ ಮಹಿಳೆಯರು ಅಂಗವೈಕಲ್ಯ ಇದ್ದವರಲ್ಲ. ಆದ್ರೆ ಈ ವಿಷಯ ಇಲ್ಲಿ ಯಾಕೆ ಹೇಳ್ತಿದೀನಿ ಅಂದ್ರೆ, ‘ಅವರು ದೇವರಂಥ ಮನುಷ್ಯ, ಅವರ ಹತ್ರ ಬಿಟ್ರೆ ಯೋಚನೆ ಇಲ್ಲ’ ಅನ್ನೋದು ನಮ್ಮಲ್ಲಿ ತುಂಬಾ ಕೇಳೋ ಮಾತು. ಒಳ್ಳೇತನ ಬೇಕು. ಆದ್ರೆ ಅದೊಂದನ್ನೇ ನಂಬ್ಕೊಂಡು ಯಾರನ್ನೂ ಎಲ್ಲೂ ಬಿಡೋಕಾಗಲ್ಲ. ಹೊರಗಿನವರು ಬಂದು ಹೋಗ್ತಿರಬೇಕು, ಲೆಕ್ಕ ತೆರೆದಿರಬೇಕು, ಒಳಗಿರೋನು ದೂರು ಕೊಡೋಕೆ ಒಂದು ಫೋನ್ ಇರಬೇಕು.

ಇನ್ನು ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರ ವಿಷಯ. ಬೆಂಗಳೂರು ನಿಮ್ಹಾನ್ಸ್ ಇರೋ ಊರು. ಆಸ್ಪತ್ರೆಯಿಂದ ಬಿಡುಗಡೆ ಆದವರು ನೇರ ಮನೆಗೆ ಹೋಗೋಕಾಗದೆ ಇದ್ದಾಗ ಮಧ್ಯದಲ್ಲಿ ಇರೋಕೆ ‘ಹಾಫ್‌ವೇ ಹೋಮ್’ಗಳು ಇಲ್ಲಿ ದಶಕಗಳ ಹಿಂದೆಯೇ ಶುರುವಾದ್ವು. ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್‌ಮಂಡ್ ಫೆಲೋಶಿಪ್ ಸೊಸೈಟಿ ಈ ಕೆಲಸದಲ್ಲಿ ಮೊದಲ ಸಾಲಿನ ಹೆಸರುಗಳು. ಆದ್ರೆ ಹಾಫ್‌ವೇ ಅಂದ್ರೆ ಅರ್ಧ ದಾರಿ. ಉಳಿದ ಅರ್ಧ ದಾರಿ ಎಲ್ಲಿಗೆ ಅನ್ನೋ ಪ್ರಶ್ನೆ ಹಾಗೇ ಉಳೀತು.

ಚೆನ್ನೈನ ಬಾಡಿಗೆ ಮನೆಗಳು

ಆ ಉಳಿದರ್ಧಕ್ಕೆ ಉತ್ತರ ಹುಡುಕಿದ್ದು ಚೆನ್ನೈನ ‘ದಿ ಬ್ಯಾನಿಯನ್’ ಸಂಸ್ಥೆ. 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಅನ್ನೋ ಇಬ್ಬರು ಯುವತಿಯರು ಶುರು ಮಾಡಿದ್ದು. ಬೀದಿಯಲ್ಲಿದ್ದ ಮಾನಸಿಕ ಕಾಯಿಲೆಯ ಹೆಣ್ಣುಮಕ್ಕಳನ್ನ ಕರ್ಕೊಂಡು ಬಂದು ಚಿಕಿತ್ಸೆ ಕೊಡಿಸಿ ಊರಿಗೆ ಕಳಿಸೋದು ಅವರ ಕೆಲಸ. ಆದ್ರೆ ಎಷ್ಟೋ ಜನರಿಗೆ ಹೋಗೋಕೆ ಊರೂ ಇಲ್ಲ, ಬಾ ಅನ್ನೋರೂ ಇಲ್ಲ. ವರ್ಷಗಟ್ಟಲೆ ಸಂಸ್ಥೆಯೊಳಗೇ ಉಳಿದುಬಿಟ್ರು.

2015ರಲ್ಲಿ ಅವರು ‘ಹೋಮ್ ಅಗೇನ್’ ಶುರು ಮಾಡಿದ್ರು. ಹಳ್ಳಿಯಲ್ಲೋ ಪಟ್ಟಣದ ಬೀದಿಯಲ್ಲೋ ಒಂದು ಬಾಡಿಗೆ ಮನೆ. ನಾಲ್ಕೈದು ಹೆಂಗಸರು. ಜೊತೆಗೆ ನೆರವಿಗೆ, ಹೆಚ್ಚಾಗಿ ಅದೇ ಸುತ್ತಮುತ್ತಲಿನ ಹೆಣ್ಣುಮಕ್ಕಳೇ. ಮಾರ್ಕೆಟ್‌ಗೆ ಹೋಗೋದು, ಅಡುಗೆ ಮಾಡೋದು, ಜಗಳ ಆಡೋದು, ಪಕ್ಕದ ಮನೆಯವರ ಹತ್ರ ಕರಿಬೇವು ಕೇಳೋದು, ಎಲ್ಲ ಇರುತ್ತೆ. ಆಮೇಲೆ ಇದು ಕೇರಳ, ಮಹಾರಾಷ್ಟ್ರ, ಅಸ್ಸಾಂಗೂ ಹೋಯ್ತು.

ಇದು ಎಷ್ಟು ದೊಡ್ಡ ವಿಷಯ ಅಂತ ತಿಳೀಬೇಕಂದ್ರೆ 2019ರ ಒಂದು ವರದಿ ನೋಡಬೇಕು. ಬ್ಯಾನಿಯನ್ ಮತ್ತು ಹನ್ಸ್ ಫೌಂಡೇಷನ್ ಸೇರಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿದಾಗ, ಒಳಗಿದ್ದವರಲ್ಲಿ ನೂರಕ್ಕೆ 36 ಜನ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಅಲ್ಲೇ ಇದ್ರು. ಹೊರಗೆ ಒಂದು ಮನೆ, ನೆರವಿಗೆ ಒಬ್ಬರು ಇದ್ದಿದ್ರೆ ಇವರಲ್ಲಿ ಎಷ್ಟು ಜನ ಆಸ್ಪತ್ರೆ ಮಂಚ ಬಿಟ್ಟು ಬರ್ತಿದ್ರು ಅಂತ ಯೋಚನೆ ಮಾಡಿ.

ಕಾನೂನು ಏನ್ ಹೇಳುತ್ತೆ?

ಕಾನೂನು ಅಂದ ತಕ್ಷಣ ಸ್ಕಿಪ್ ಮಾಡಬೇಡಿ, ಬೇಗ ಮುಗಿಸ್ತೀನಿ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ ಬಂದಿದ್ದು 2006ರಲ್ಲಿ. ಭಾರತ ಅದನ್ನ 2007ರಲ್ಲೇ ಒಪ್ಕೊಂಡಿದೆ. ಅದರ 19ನೇ ವಿಧಿ ಹೇಳೋದು ಇಷ್ಟೇ: ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು ಅಂತ ಆರಿಸೋ ಹಕ್ಕು ಬೇರೆಯವರಿಗೆ ಎಷ್ಟಿದೆಯೋ ಅಂಗವಿಕಲರಿಗೂ ಅಷ್ಟೇ ಇದೆ.

ಅದರ ಮೇಲೆ ಬಂದಿದ್ದು ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 5ನೇ ಸೆಕ್ಷನ್ ಪ್ರಕಾರ ಅಂಗವಿಕಲರಿಗೆ ಸಮುದಾಯದಲ್ಲಿ ಬದುಕೋ ಹಕ್ಕಿದೆ. ಇಂಥಾ ಕಡೆಯೇ ಇರಬೇಕು ಅಂತ ಅವರನ್ನ ಬಲವಂತ ಮಾಡಬಾರದು. ವಯಸ್ಸಿಗೆ ತಕ್ಕ ಹಾಗೆ ಮನೇಲಿ, ವಸತಿಯಲ್ಲಿ, ಸಮುದಾಯದಲ್ಲಿ ನೆರವು ಸಿಗೋ ಹಾಗಿರಬೇಕು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದ್ರೆ ಇದನ್ನೆಲ್ಲ ಸರ್ಕಾರ ‘ಮಾಡಬೇಕು’ ಅಂತಿಲ್ಲ, ಮಾಡೋಕೆ ‘ಪ್ರಯತ್ನಿಸಬೇಕು’ ಅಂತಿದೆ. ಆ ಒಂದು ಪದದಲ್ಲೇ ನಮ್ಮಮ್ಮನ ರಾತ್ರಿ ನಿದ್ದೆ ಸಿಕ್ಕಾಕ್ಕೊಂಡಿದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಸ್ಪಷ್ಟ. ಮನೆಯವರು ಇಲ್ಲ, ಮನೆಯವರು ಸೇರಿಸ್ಕೊಳ್ಳಲ್ಲ, ಹೊರಗಡೆ ಸೌಲಭ್ಯ ಇಲ್ಲ ಅನ್ನೋ ಕಾರಣಕ್ಕೇ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ ಅನ್ನುತ್ತೆ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1999ರಲ್ಲಿ ಇದೇ ಥರದ ಮಾತು ಹೇಳಿತ್ತು. ಜಾರ್ಜಿಯಾದ ಲೋಯಿಸ್ ಕರ್ಟಿಸ್ ಮತ್ತು ಎಲೇನ್ ವಿಲ್ಸನ್ ಅನ್ನೋ ಇಬ್ಬರು ಹೆಂಗಸರು, ಡಾಕ್ಟರೇ ಹೊರಗೆ ಬದುಕಬಹುದು ಅಂದ್ರೂ ಸರ್ಕಾರಿ ಆಸ್ಪತ್ರೆಯಲ್ಲೇ ಉಳೀಬೇಕಾಗಿ ಬಂದಾಗ ಕೋರ್ಟಿಗೆ ಹೋದ್ರು. ಹೀಗೆ ಅನಾವಶ್ಯಕವಾಗಿ ಸಂಸ್ಥೆಯಲ್ಲಿ ಕೂಡಿಡೋದು ತಾರತಮ್ಯ ಅಂತ ತೀರ್ಪು ಬಂತು. ಹೊರಗೆ ಬಂದ ಲೋಯಿಸ್ ಚಿತ್ರ ಕಲಾವಿದೆಯಾಗಿ ಹೆಸರು ಮಾಡಿದ್ರು.

ಬರೀ ಕೋರ್ಟಿಂದಲೇ ಆಗುತ್ತೆ ಅಂತಲ್ಲ. ಬೆಲ್ಜಿಯಂನ ಗೀಲ್ ಅನ್ನೋ ಊರಲ್ಲಿ ಶತಮಾನಗಳಿಂದ ಸಾಮಾನ್ಯ ಕುಟುಂಬಗಳು ಮಾನಸಿಕ ಕಾಯಿಲೆ ಇರೋರನ್ನ ಮನೆಯಲ್ಲಿ ಇಟ್ಕೊಂಡು ಜೊತೆಗೆ ಬದುಕ್ತಾರೆ. ಅಲ್ಲಿ ಅದು ದೊಡ್ಡ ಸುದ್ದಿಯೇ ಅಲ್ಲ. ಊರಿನ ವಾಡಿಕೆ.

ದುಡ್ಡಿನ ಮಾತು

ಈಗ ಲೆಕ್ಕ ಹಾಕೋಣ. ಇದು ಉದಾಹರಣೆ ಅಷ್ಟೇ, ನಾವು ಮನೆಯಲ್ಲಿ ಪೆನ್ನು ಹಿಡಿದು ಹಾಕ್ಕೊಂಡ ಲೆಕ್ಕ. ನಾಲ್ಕು ಜನ ಇರೋ ಮನೆಗೆ ಬಾಡಿಗೆ 32 ಸಾವಿರ ಅಂತ ಇಟ್ಕೊಳ್ಳಿ. ಪಾಳಿ ಮೇಲೆ ಮೂರು ಜನ ನೆರವಿನವರು, ತಲಾ 18 ಸಾವಿರ, ಒಟ್ಟು 54 ಸಾವಿರ. ಊಟ, ಗ್ಯಾಸ್, ಕರೆಂಟು, ಓಡಾಟ ಎಲ್ಲ ಸೇರಿ 26 ಸಾವಿರ. ತಿಂಗಳಿಗೆ 1 ಲಕ್ಷ 12 ಸಾವಿರ. ನಾಲ್ಕು ಪಾಲು ಮಾಡಿದ್ರೆ ಒಬ್ಬರಿಗೆ 28 ಸಾವಿರ. ಇದರ ಮೇಲೆ ಬೆಂಗಳೂರಿನ ಹಳೇ ಸಂಪ್ರದಾಯ, ಹತ್ತು ತಿಂಗಳ ಅಡ್ವಾನ್ಸ್. 3 ಲಕ್ಷ 20 ಸಾವಿರ.

ಎಷ್ಟು ಮನೆಗಳಿಗೆ ಇದು ಸಾಧ್ಯ? ಅಪ್ಪನ ಪಿಂಚಣಿ, ನನ್ನ ಸಂಬಳ ಸೇರಿ ನಮಗೇ ಏದುಸಿರು ಬರುತ್ತೆ. ಅಂಗವಿಕಲರ ಮಾಸಾಶನ ಬರುತ್ತೆ ನಿಜ. ಆ ದುಡ್ಡಲ್ಲಿ ಆರ್.ಟಿ. ನಗರದಲ್ಲಿ ಒಂದು ರೂಮಿನ ಬಾಡಿಗೆ ಕೂಡ ಹುಟ್ಟಲ್ಲ. ಹಾಗಾಗಿ ಸರ್ಕಾರದ ಪಾಲಿಲ್ಲದೆ ಇದು ನಡೆದ್ರೆ, ಸ್ವಂತ ಫ್ಲ್ಯಾಟ್ ಇರೋರ ಮಕ್ಕಳಿಗೆ ಮಾತ್ರ ನೆರವಿನ ಮನೆ, ಉಳಿದವರಿಗೆ ಇಪ್ಪತ್ತೆರಡು ಮಂಚದ ಹಾಲ್ ಅಂತ ಆಗಿಬಿಡುತ್ತೆ.

ಇರೋ ಸೌಲಭ್ಯಗಳನ್ನಾದ್ರೂ ತಿಳ್ಕೊಂಡಿರಿ. ಮೊದಲು ಯುಡಿಐಡಿ ಕಾರ್ಡ್ ಮಾಡಿಸಿ, ಎಲ್ಲದಕ್ಕೂ ಅದೇ ಕೇಳ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ‘ನಿರಾಮಯ’ ಅನ್ನೋ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತೆ. ‘ಘರೌಂದಾ’ ಅನ್ನೋದು ವಯಸ್ಕರ ಗುಂಪು ಮನೆಗಳ ಯೋಜನೆ. ‘ಸಮರ್ಥ್’ನಲ್ಲಿ ಮನೆಯವರಿಗೆ ಸ್ವಲ್ಪ ದಿನ ವಿರಾಮ ಬೇಕಾದಾಗ ತಾತ್ಕಾಲಿಕ ಆರೈಕೆ ಇದೆ. ಮನೆಯಲ್ಲಿ ಯಾರಾದ್ರೂ ತೆರಿಗೆ ಕಟ್ತಿದ್ರೆ, ಹಳೇ ತೆರಿಗೆ ಪದ್ಧತಿಯಲ್ಲಿ 75 ಸಾವಿರ, ತೀವ್ರ ಅಂಗವೈಕಲ್ಯ ಇದ್ರೆ 1 ಲಕ್ಷ 25 ಸಾವಿರ ವಿನಾಯಿತಿ ಸಿಗುತ್ತೆ.

‘ಅಕ್ಕಪಕ್ಕದವರು ಏನಂತಾರೋ’

ದುಡ್ಡು ಹೊಂದಿಸಿದ್ರೂ ಮನೆ ಸಿಗಬೇಕಲ್ಲ. ಅಣ್ಣ ಹೋಗೋ ವರ್ಕ್‌ಶಾಪ್‌ನಲ್ಲಿ ಪೇಪರ್ ಬ್ಯಾಗ್ ಮಾಡ್ತಾರೆ. ಅಲ್ಲಿನ ಇನ್ನೂ ಎರಡು ಕುಟುಂಬದವರು ನಮ್ ಜೊತೆ ಸೇರಿದ್ರು. ಮೂರು ಜನ ಸಾಕು, ಶುರು ಮಾಡೋಣ ಅಂತ ಮನೆ ಹುಡುಕೋಕೆ ಹೊರಟ್ವಿ. ಗಂಗಾನಗರ, ಆರ್.ಟಿ. ನಗರ, ಸಂಜಯನಗರ, ಎಲ್ಲ ಸುತ್ತಿದ್ವಿ. ಬ್ರೋಕರ್ ಮನೆ ತೋರಿಸೋನು. ಓನರ್ ಖುಷಿಯಿಂದ ಮಾತಾಡೋರು. ಯಾರು ಇರೋದು ಅಂತ ಹೇಳಿದ ಕೂಡಲೇ ಮುಖ ಬದಲಾಗೋದು.

ಒಬ್ಬ ಓನರ್ ಆಂಟಿ ಕಾಫಿ ಕೊಟ್ಟು, ಅಮ್ಮನ ಕೈ ಹಿಡ್ಕೊಂಡು, ‘ಪಾಪ ಕಣ್ರೀ, ನಿಮ್ ಕಷ್ಟ ನಂಗ್ ಅರ್ಥ ಆಗುತ್ತೆ’ ಅಂದ್ರು. ‘ಆದ್ರೆ ಮೇಲ್ಗಡೆ ಮನೇಲಿ ಚಿಕ್ಕ ಮಕ್ಕಳಿದಾರೆ. ಅಕ್ಕಪಕ್ಕದವರು ಏನಂತಾರೋ’ ಅಂತ ಸೇರಿಸಿದ್ರು. ಅಣ್ಣ ಅಲ್ಲೇ ಕೂತು ಬಿಸ್ಕತ್ತು ತಿಂತಿದ್ದ. ಅವನ ಎದುರಿಗೇ. ಹತ್ತೊಂಬತ್ತು ಮನೆ ನೋಡಿದ್ವಿ. ಎಲ್ಲರೂ ಒಳ್ಳೆಯವರೇ. ಯಾರೂ ಬೈಲಿಲ್ಲ. ಯಾರೂ ಕೊಡ್ಲೂ ಇಲ್ಲ.

ನಂಗೆ ಕೋಪ ಬಂದಿತ್ತು. ಮನೆಗೆ ಬಂದು ಅಮ್ಮನ ಹತ್ರ ಜೋರಾಗಿ ಕೂಗಾಡ್ತಿದ್ದೆ, ‘ಇವನೊಬ್ಬ ಮನುಷ್ಯ ಅಂತ ಅವರಿಗೆ ಕಾಣಲ್ವಾ’ ಅಂತ. ಅಣ್ಣ ಟೀವಿ ನೋಡ್ತಾ ಇದ್ದೋನು ತಿರುಗಿ, ‘ಪುಟ್ಟಿ, ನನ್ ಕೇಳು’ ಅಂದ.

ನಂಗೆ ನಾಚಿಕೆ ಆಯ್ತು. ಆಸ್ಪತ್ರೆ ರಾತ್ರಿಯಿಂದ ಎಂಟು ತಿಂಗಳಾಗಿತ್ತು. ವಕೀಲರನ್ನ ಕೇಳಿದ್ದೆ, ವರ್ಕ್‌ಶಾಪ್ ಟೀಚರನ್ನ ಕೇಳಿದ್ದೆ, ಗೂಗಲ್ ಕೇಳಿದ್ದೆ. ಅವನನ್ನ ಕೂರಿಸ್ಕೊಂಡು ‘ನಿಂಗೆ ಹೇಗಿರಬೇಕು’ ಅಂತ ಒಂದ್ಸಲವೂ ಕೇಳಿರ್ಲಿಲ್ಲ. ಓನರ್ ಆಂಟಿ ಅವನ ಎದುರಿಗೆ ಅವನ ಬಗ್ಗೆ ಮಾತಾಡಿದ್ರಲ್ಲ, ನಾನೂ ಅದನ್ನೇ ಮಾಡ್ತಿದ್ದೆ.

ಅವತ್ತು ಕೇಳಿದೆ. ಅವನು ನಿಧಾನಕ್ಕೆ ಒಂದೊಂದೇ ಹೇಳಿದ. ವರ್ಕ್‌ಶಾಪ್‌ನ ಇಬ್ಬರಲ್ಲಿ ಒಬ್ಬನ ಜೊತೆ ಇರ್ತೀನಿ, ಇನ್ನೊಬ್ಬ ಹೊಡೀತಾನೆ. ಅದು ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ! ಬೇಕರಿ ಹತ್ರ ಇರಬೇಕು. ಅಮ್ಮ ಭಾನುವಾರ ಬರಬೇಕು, ದಿನಾ ಬೇಡ. ಕೊನೆಗೆ, ‘ನನ್ ರೂಮಿಗೆ ಬೋಲ್ಟ್ ಬೇಕು’ ಅಂದ. ಅಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ‘ದಿನಾ ಬೇಡ’ ಅಂದಿದ್ದಕ್ಕೆ ಬೇಜಾರಾಗಿತ್ತು ಅಂತ ಆಮೇಲೆ ಹೇಳಿದ್ರು. ಆದ್ರೆ ಅವತ್ತಿಂದ ರಾತ್ರಿ ಎದ್ದು ಕೂರೋದು ಕಡಿಮೆ ಆಯ್ತು.

ನಿಮ್ಮ ಮನೇಲೂ ಇಂಥ ಒಬ್ಬರಿದ್ರೆ

ನಾನು ಎಕ್ಸ್‌ಪರ್ಟ್ ಅಲ್ಲ. ನಾವು ತಪ್ಪು ಮಾಡ್ಕೊಂಡು ಕಲಿತ ನಾಲ್ಕು ವಿಷಯ ಹೇಳ್ತೀನಿ.

ಒಂದು, ಬೇಗ ಶುರು ಮಾಡಿ. ಅಮ್ಮ ಬಿದ್ದ ಮೇಲೆ, ಅಪ್ಪ ಹೋದ ಮೇಲೆ ಅಲ್ಲ. ಅಪ್ಪ ಅಮ್ಮ ಗಟ್ಟಿಯಾಗಿದ್ದಾಗಲೇ ವಾರಕ್ಕೊಂದು ರಾತ್ರಿ ಬೇರೆ ಕಡೆ ಮಲಗೋ ಅಭ್ಯಾಸ ಆಗ್ಲಿ. ಮನೆ ಬದಲಾಗೋದು, ಅಮ್ಮ ಇಲ್ಲದಂಗಾಗೋದು ಎರಡೂ ಒಂದೇ ದಿನ ಆದ್ರೆ ಅದನ್ನ ತಡ್ಕೊಳ್ಳೋದು ಯಾರಿಗಾದ್ರೂ ಕಷ್ಟ.

ಎರಡು, ಸಣ್ಣ ಕೆಲಸಗಳನ್ನ ಬಿಟ್ಟುಕೊಡಿ. ನಮ್ಮಣ್ಣ 35 ವರ್ಷ ಆಗೋವರೆಗೂ ಗ್ಯಾಸ್ ಹಚ್ಚಿರ್ಲಿಲ್ಲ, ಯಾಕಂದ್ರೆ ನಾವು ಬಿಟ್ಟಿರ್ಲಿಲ್ಲ. ಈಗ ಇಂಡಕ್ಷನ್ ಸ್ಟವ್ ಮೇಲೆ ಟೀ ಮಾಡ್ತಾನೆ. ಸಕ್ಕರೆ ಜಾಸ್ತಿ ಆಗುತ್ತೆ, ಪರವಾಗಿಲ್ಲ.

ಮೂರು, ಪೋಷಕತ್ವದ ವಿಷಯ ತಿಳ್ಕೊಳ್ಳಿ. 18 ದಾಟಿದ ಮೇಲೆ ಅಪ್ಪ ಅಮ್ಮ ತಾನಾಗೇ ಕಾನೂನುಬದ್ಧ ಪೋಷಕರಾಗಿ ಉಳಿಯಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರುತ್ತೆ, ಅಲ್ಲಿ ಅರ್ಜಿ ಹಾಕಬೇಕು. 2016ರ ಕಾಯ್ದೆ ‘ಸೀಮಿತ ಪೋಷಕತ್ವ’ದ ಮಾತಾಡುತ್ತೆ. ಅಂದ್ರೆ ಅವರ ಪರವಾಗಿ ಎಲ್ಲ ನಿರ್ಧಾರ ಮಾಡೋದಲ್ಲ, ಬೇಕಾದ ವಿಷಯಕ್ಕೆ ಬೇಕಾದಷ್ಟು ಕಾಲ ಅವರ ಜೊತೆ ಕೂತು ನಿರ್ಧಾರ ಮಾಡೋದು. ವಿಲ್ ಬರೆಯೋ ಮುಂಚೆ ಈ ವಿಷಯ ಗೊತ್ತಿರೋ ವಕೀಲರನ್ನ ನೋಡಿ.

ನಾಲ್ಕು, ಅಣ್ಣ ತಮ್ಮ ಅಕ್ಕ ತಂಗಿಯರಿಗೆ. ‘ನೋಡ್ಕೋತೀನಿ’ ಅಂತ ಒಂದೇ ಪದದಲ್ಲಿ ಮಾತು ಕೊಡಬೇಡಿ. ನನ್ನಿಂದ ಏನಾಗುತ್ತೆ, ಏನಾಗಲ್ಲ ಅಂತ ಕೂತು ಮಾತಾಡಿ. ‘ನನ್ ಜೊತೆ ಇಟ್ಕೊಳ್ಳೋಕಾಗಲ್ಲ, ಆದ್ರೆ ಅವನ ಮನೆ ಸರಿಯಾಗಿ ನಡಿಯೋ ಹಾಗೆ ನೋಡ್ಕೋತೀನಿ’ ಅನ್ನೋದೂ ಪ್ರೀತಿನೇ.

ಇನ್ನು ನಿಮ್ಮ ಮನೇಲಿ ಇಂಥವರು ಯಾರೂ ಇಲ್ಲ ಅಂದ್ರೆ? ನಿಮ್ಮಪ್ಪ ಮನೆ ಬಾಡಿಗೆಗೆ ಕೊಡ್ತಾರಾ? ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಲ್ಲಿ ನಾಳೆ ಯಾರಾದ್ರೂ ‘ಇಂಥವರನ್ನ ಯಾಕೆ ಬಿಟ್ಕೊಂಡ್ರಿ’ ಅಂತ ಮೆಸೇಜ್ ಹಾಕ್ತಾರಾ? ಅವತ್ತು ಸುಮ್ನಿರಬೇಡಿ. ‘ಇರ್ಲಿ ಬಿಡಿ, ನಮ್ ನೆರೆಯವರೇ’ ಅಂತ ಒಂದು ಸಾಲು ಹಾಕಿ. ನಮಗೆ ಮನೆ ತಪ್ಪಿದ ಎಲ್ಲ ಕಡೆ ಕೊರತೆ ಇದ್ದದ್ದು ಆ ಒಂದು ಸಾಲಿಗೆ.

ಇಪ್ಪತ್ತನೇ ಮನೆ

ಕೊನೆಗೆ ಮನೆ ಸಿಕ್ತು. ಸಿಕ್ಕಿದ್ದು ಹೇಗೆ ಗೊತ್ತಾ? ಬೇಕರಿಯವರಿಂದ. ‘ನಮ್ ಪರಿಚಯದವರದ್ದು ಗ್ರೌಂಡ್ ಫ್ಲೋರ್ ಖಾಲಿ ಇದೆ ಕಣಮ್ಮ, ಅಣ್ಣನ ವಿಷಯ ನಾನ್ ಹೇಳಿದೀನಿ’ ಅಂದ್ರು. ಎರಡು ರೂಮು, ಚಿಕ್ಕ ಹಾಲು. ಈಗ ಅಣ್ಣ ಮತ್ತೆ ಅವನ ಸ್ನೇಹಿತ ವಾರಕ್ಕೆ ಮೂರು ರಾತ್ರಿ ಅಲ್ಲಿರ್ತಾರೆ, ನೆರವಿಗೆ ಒಬ್ಬರು ಇರ್ತಾರೆ. ಇಬ್ಬರೇ ಇರೋದ್ರಿಂದ ಖರ್ಚು ಮೈಮೇಲೆ ಬರ್ತಿದೆ. ಮೂರನೆಯವರನ್ನ ಹುಡುಕ್ತಿದ್ದೀವಿ, ಅವನೇ ಒಪ್ಪಬೇಕು. ಇದು ಎಷ್ಟು ದಿನ ನಡಿಯುತ್ತೋ ನಂಗೆ ಗೊತ್ತಿಲ್ಲ. ಅಮ್ಮನ ಪ್ರಶ್ನೆಗೆ ಪೂರ್ತಿ ಉತ್ತರ ಇದಲ್ಲ.

ಹೋದ ಗುರುವಾರ ಆಫೀಸಿಂದ ಬರ್ತಾ ಹಂಗೇ ಅಲ್ಲಿಗೆ ಹೋದೆ. ಬೆಲ್ ಒತ್ತಿದೆ. ಒಳಗಿಂದ ‘ಯಾರು?’ ಅಂತ ಕೇಳಿದ. ‘ನಾನ್ ಕಣೋ’ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಇವತ್ತು ಭಾನುವಾರ ಅಲ್ಲ’ ಅಂದ. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಅವನ ಬಾಗಿಲಿನ ಹೊರಗೆ ನಿಂತು, ಒಳಗೆ ಬರಬಹುದಾ ಅಂತ ನಾನು ಕೇಳಿದೆ. ತೆಗೆದ. ಟೀ ಕೊಟ್ಟ. ಸಕ್ಕರೆ ಜಾಸ್ತಿ.

ಇವತ್ತಿಗೆ ಇಷ್ಟೇ. ನಿಮ್ಮ ಮನೇಲಿ, ನಿಮ್ಮ ಬೀದೀಲಿ ಇಂಥ ಕಥೆ ಇದ್ರೆ ನಮಗೆ ಬರೀರಿ, ವಾಯ್ಸ್ ಮೆಸೇಜ್ ಕಳಿಸಿದ್ರೂ ಆಯ್ತು. ಈ ಮಾತು ಯಾರಿಗೆ ಬೇಕಾಗಿದೆ ಅಂತ ಅನ್ಸುತ್ತೋ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.